ಬ್ಯಾಸ್ ಬೋಟ್‌ನ ಮೋಟರ್ ಎತ್ತರ: ಬೋಲ್ಟ್ ತೂತೇ ಸಾಕಾ, ಜ್ಯಾಕ್ ಪ್ಲೇಟ್ ಬೇಕಾ?

ನಾನು ಮೊದಲು ಹೈಡ್ರಾಲಿಕ್ ಜ್ಯಾಕ್ ಪ್ಲೇಟ್, ಅಂದರೆ ಬಟನ್ ಒತ್ತಿ ಬೋಟಿನ ಮೋಟರನ್ನು ಮೇಲೆ ಕೆಳಗೆ ಮಾಡುವ ಚೌಕಟ್ಟು, ಕೊಂಡೆ. ಆಮೇಲೆ ಹೊಸ ಪ್ರೊಪೆಲರ್ ಕೊಂಡೆ. ಎಲ್ಲ ಮುಗಿದ ಮೇಲೆ ಅಳತೆ ಟೇಪ್ ಕೈಗೆತ್ತಿಕೊಂಡೆ. ಮಾಡಬೇಕಾಗಿದ್ದು ಇದರ ಉಲ್ಟಾ. ನಿಮ್ಮ ಬೋಟ್‌ಗೆ ಯಾವುದು ಬೇಕು ಅಂತ ಹೇಳುವ ಮೊದಲು ಈ ತಪ್ಪು ಒಪ್ಪಿಕೊಳ್ಳುವುದು ಒಳ್ಳೆಯದು.

ಹೊಸಬರಿಗೆ ಒಂದು ಮಾತು. ಬ್ಯಾಸ್ ಅಂದರೆ ಆಫೀಸಿನ ಬಾಸ್ ಅಲ್ಲ, ಅಮೆರಿಕದ ಸಿಹಿನೀರಿನ ಒಂದು ಮೀನು. ಅದನ್ನು ಹಿಡಿಯಲು ಅಂತಲೇ ಮಾಡಿದ, ತಗ್ಗಾದ, ಚಪ್ಪಟೆ ಡೆಕ್ಕಿನ, ಹಿಂದೆ ದೊಡ್ಡ ಔಟ್‌ಬೋರ್ಡ್ ಮೋಟರ್ ಇರುವ ಬೋಟ್ ಬ್ಯಾಸ್ ಬೋಟ್. 1948ರಲ್ಲಿ ಲೂಸಿಯಾನದ ಶ್ರೀವ್‌ಪೋರ್ಟ್‌ನಲ್ಲಿ ಹೋಮ್ಸ್ ಥರ್ಮಂಡ್ ಮಾಡಿದ ಸ್ಕೀಟರ್ ಇದರ ಮೂಲ. 1968ರಲ್ಲಿ ಅರ್ಕನ್ಸಾದ ಫ್ಲಿಪಿನ್ ಎಂಬ ಸಣ್ಣ ಊರಿನಲ್ಲಿ ಫಾರೆಸ್ಟ್ ವುಡ್ ರೇಂಜರ್ ಕಂಪನಿ ಶುರು ಮಾಡಿದರು. ಟೂರ್ನಮೆಂಟ್ ಮೀನುಗಾರಿಕೆ ಬೆಳೆದ ಹಾಗೆ ವೇಗದ ಹುಚ್ಚೂ ಬೆಳೆಯಿತು. ಬೆಳಿಗ್ಗೆ ಒಳ್ಳೆಯ ಜಾಗ ಮೊದಲು ಹಿಡಿದವನಿಗೆ ಮೀನು, ಅಲ್ವಾ?

ನಾನಿರುವುದು ಡಾಲಸ್ ಹತ್ತಿರ. ಬೋಟ್ ಇಳಿಸುವುದು ಹೆಚ್ಚಾಗಿ ಲೇಕ್ ಫೋರ್ಕ್‌ನಲ್ಲಿ. ಸುಮಾರು 27,000 ಎಕರೆ ನೀರು. 1980ರಲ್ಲಿ ಅಣೆಕಟ್ಟು ಮುಗಿದಾಗ ಮರಗಳನ್ನು ಪೂರ್ತಿ ಕಡಿಯದೆ ಬಿಟ್ಟಿದ್ದರಿಂದ ಇವತ್ತಿಗೂ ನೀರಿನಡಿ ಬೊಡ್ಡೆಗಳೇ ಬೊಡ್ಡೆಗಳು. ಟೆಕ್ಸಸ್‌ನ ದಾಖಲೆಯ ಲಾರ್ಜ್‌ಮೌತ್ ಬ್ಯಾಸ್, 18.18 ಪೌಂಡಿನದ್ದು, 1992ರಲ್ಲಿ ಸಿಕ್ಕಿದ್ದು ಇಲ್ಲೇ. ಈ ಬೊಡ್ಡೆಗಳ ಕಥೆ ನೆನಪಿಟ್ಟುಕೊಳ್ಳಿ, ಕೊನೆಗೆ ಲೆಕ್ಕಕ್ಕೆ ಬರುತ್ತದೆ.

ಎತ್ತರಿಸಿದರೆ ಏನಾಗುತ್ತದೆ?

ಬೋಟ್ ಜೋರಾಗಿ ಓಡುವಾಗ ಅದರ ತಳದ ಹೆಚ್ಚಿನ ಭಾಗ ನೀರಿನಿಂದ ಮೇಲೆದ್ದಿರುತ್ತದೆ. ಹಿಂಭಾಗದಲ್ಲಿ ಒಂದು ಸಣ್ಣ ಚಪ್ಪಟೆ ಪಟ್ಟಿ ಮಾತ್ರ ನೀರಿಗೆ ತಾಗಿರುತ್ತದೆ. ಅದಕ್ಕೆ ಪ್ಯಾಡ್ ಅನ್ನುತ್ತಾರೆ. ಆಗ ನೀರಿನೊಳಗೆ ಉಳಿಯುವ ದೊಡ್ಡ ವಸ್ತು ಮೋಟರ್‌ನ ಕೆಳಭಾಗ, ಅಂದರೆ ಗೇರ್‌ಕೇಸ್. ವೇಗ ಎರಡು ಪಟ್ಟಾದರೆ ನೀರಿನ ಎಳೆತ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 20 ಮೈಲಿ ವೇಗದಲ್ಲಿ ಲೆಕ್ಕಕ್ಕೇ ಬಾರದ ಅರ್ಧ ಇಂಚು 60 ಮೈಲಿಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಗೇರ್‌ಕೇಸ್ ಮೇಲೆ ಬಂದಷ್ಟೂ ಎಳೆತ ಕಮ್ಮಿ, ಆರ್‌ಪಿಎಂ ಜಾಸ್ತಿ, ಸ್ಟೀರಿಂಗ್ ಹಗುರ.

ಆದರೆ ಜಾಸ್ತಿ ಎತ್ತಿದರೆ ಪ್ರೊಪೆಲರ್ ಮೇಲಿನ ಗಾಳಿಯನ್ನೋ ಎಕ್ಸಾಸ್ಟ್ ಹೊಗೆಯನ್ನೋ ಎಳೆದುಕೊಳ್ಳುತ್ತದೆ. ಮೋಟರ್ ಒಮ್ಮೆಲೇ ಕಿರುಚುತ್ತದೆ, ಬೋಟ್ ಮಾತ್ರ ಮುಂದೆ ಹೋಗುವುದಿಲ್ಲ. ಇದು ವೆಂಟಿಲೇಶನ್. ಎಲ್ಲರೂ ಇದನ್ನೇ ಕ್ಯಾವಿಟೇಶನ್ ಅನ್ನುತ್ತಾರೆ, ಆದರೆ ಅದು ಬೇರೆ: ಒತ್ತಡ ಕುಸಿದು ನೀರೇ ಆವಿಯ ಗುಳ್ಳೆಯಾಗುವುದು. ಗಂಗೊಳ್ಳಿಯಲ್ಲಿ ನಾಡದೋಣಿ ಇಟ್ಟಿದ್ದ ನನ್ನ ಮಾವ ಈ ಎರಡು ಹೆಸರಿನ ಗೋಜಿಗೇ ಹೋದವರಲ್ಲ. ನಮ್ಮ ಕರಾವಳಿಯಲ್ಲಿ ಪ್ರೊಪೆಲರ್‌ಗೆ ಫ್ಯಾನ್ ಅಂತಾರಲ್ಲ, ಅವರು "ಫ್ಯಾನು ಗಾಳಿ ತಿಂತಾ ಇತ್ತ್" ಅಂದುಬಿಡುತ್ತಿದ್ದರು. ನಾನು ಜ್ಯಾಕ್ ಪ್ಲೇಟಿನ ಬೆಲೆ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೋಟರ್ ಅಡಿಗೆ ಒಂದ್ ಮರದ್ ತುಂಡ್ ಇಟ್ರೆ ಆತಿಲ್ಯಾ ಮಾರಾಯಾ?" ಅಂದರು. ಅವರ ಸೀಮೆಎಣ್ಣೆ ಮೋಟರ್‌ಗೆ ಆಗುತ್ತಿತ್ತು. ನನ್ನ 175 ಎಚ್‌ಪಿ ಮೋಟರ್‌ಗೆ ಆಗುವುದಿಲ್ಲ. ಆದರೂ ಪ್ರಶ್ನೆ ಸರಿಯಾಗಿಯೇ ಇತ್ತು.

ಮೊದಲು ಅಳೆಯಿರಿ

ಹೋಲಿಕೆಗೆ ಒಂದೇ ಅಳತೆಗೋಲು ಬೇಕು. ವೆಂಟಿಲೇಶನ್ ಪ್ಲೇಟ್, ಅಂದರೆ ಪ್ರೊಪೆಲರ್ ಮೇಲಿರುವ ಅಗಲವಾದ ರೆಕ್ಕೆ, ಬೋಟಿನ ತಳಕ್ಕೆ ಸಮ ಇರಬೇಕು ಅಂತ ಹಳೆಯ ನಿಯಮವಿದೆ. ಶುರು ಮಾಡಲು ಅದು ಸಾಕು. ಬ್ಯಾಸ್ ಬೋಟ್‌ಗೆ ಇನ್ನೂ ಒಳ್ಳೆಯ ಅಳತೆ ಅಂದರೆ ಪ್ಯಾಡ್‌ನಿಂದ ಪ್ರೊಪೆಲರ್ ಶಾಫ್ಟ್‌ನ ನಡುಮಧ್ಯಕ್ಕೆ ಎಷ್ಟು ಇಂಚು ಕೆಳಗೆ ಅನ್ನುವುದು.

ಬೋಟ್ ಟ್ರೇಲರ್ ಮೇಲಿರಲಿ, ನೆಲ ಸಮತಟ್ಟಾಗಿರಲಿ. ಪ್ಯಾಡ್‌ಗೆ ಲೆವೆಲ್ ಹಿಡಿದು, ಟ್ರೇಲರ್‌ನ ಮುಂದಿನ ಜ್ಯಾಕ್ ತಿರುಗಿಸಿ ಪ್ಯಾಡನ್ನು ನೆಲಕ್ಕೆ ಸಮ ಮಾಡಿ. ಆಮೇಲೆ ಮೋಟರ್ ಟ್ರಿಮ್ ಮಾಡಿ, ಅಂದರೆ ಅದರ ಓರೆ ಬದಲಿಸಿ, ಶಾಫ್ಟ್ ಕೂಡ ಪ್ಯಾಡ್‌ಗೆ ಸಮಾನಾಂತರ ಬರುವ ಹಾಗೆ ಮಾಡಿ. ಈ ಹಂತ ಬಿಟ್ಟರೆ ಉಳಿದ ಅಳತೆಯೆಲ್ಲ ಸುಳ್ಳು. ಈಗ ನೆಲದಿಂದ ಪ್ಯಾಡ್‌ಗೆ ಎಷ್ಟು, ನೆಲದಿಂದ ಶಾಫ್ಟ್‌ನ ಮಧ್ಯಕ್ಕೆ ಎಷ್ಟು ಅಂತ ಅಳೆದು ಕಳೆಯಿರಿ. ಪ್ಯಾಡ್ 22 ಇಂಚಿನಲ್ಲಿದ್ದು ಶಾಫ್ಟ್ 18ರಲ್ಲಿದ್ದರೆ, ನಿಮ್ಮದು 4 ಇಂಚು ಕೆಳಗೆ.

ಸಾಮಾನ್ಯ ಗೇರ್‌ಕೇಸ್ ಇರುವ ಬ್ಯಾಸ್ ಬೋಟ್‌ಗೆ 4 ಇಂಚಿನ ಆಸುಪಾಸು ಶುರು ಮಾಡಿ, ಕಾಲು ಕಾಲು ಇಂಚು ಮೇಲೆ ತರುವುದು ಸುರಕ್ಷಿತ ದಾರಿ. ಹೆಚ್ಚಿನ ಬೋಟ್‌ಗಳು 3ರಿಂದ 4 ಇಂಚಿನ ನಡುವೆ ಎಲ್ಲೋ ಒಂದು ಕಡೆ ಖುಷಿಯಾಗಿರುತ್ತವೆ. ಅದಕ್ಕಿಂತ ಮೇಲೆ ಹೋಗಲು ಬೇರೆ ಸಾಮಾನು ಬೇಕು, ಅದು ಮುಂದೆ ಬರುತ್ತದೆ.

ದಾರಿ ಒಂದು: ಬೋಲ್ಟ್ ತೂತು ಬದಲಿಸುವುದು

ದೊಡ್ಡ ಔಟ್‌ಬೋರ್ಡ್‌ಗಳ ಬ್ರ್ಯಾಕೆಟ್‌ನಲ್ಲಿ ಮೇಲಿನ ಬೋಲ್ಟ್‌ಗಳಿಗೆ ಒಂದರ ಕೆಳಗೊಂದು ನಾಲ್ಕೈದು ತೂತು ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ಮುಕ್ಕಾಲು ಇಂಚು. ಲೆಕ್ಕ ತಲೆಕೆಳಗು: ಬ್ರ್ಯಾಕೆಟ್‌ನ ಕೆಳಗಿನ ತೂತಿಗೆ ಬೋಲ್ಟ್ ಹಾಕಿದಷ್ಟೂ ಮೋಟರ್ ಮೇಲೆ ಹೋಗುತ್ತದೆ. ನಾನು ಇದನ್ನು ಒಮ್ಮೆ ಉಲ್ಟಾ ಹಾಕಿ, ಅರ್ಧ ದಿನ ಹಾಳು ಮಾಡಿಕೊಂಡಿದ್ದೇನೆ.

ಖರ್ಚು ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಬೋಲ್ಟ್ ತೆಗೆದ ಮೇಲೆ ಹೊಸದಾಗಿ ಹಚ್ಚಲು ನೀರಿನಡಿ ಬಳಸುವ ಸೀಲಂಟ್ ಬೇಕು. ಅದನ್ನು ಮರೆತರೆ ನೀರು ಟ್ರಾನ್ಸಮ್ ಒಳಗೆ, ಅಂದರೆ ಮೋಟರ್ ಕೂರುವ ಹಿಂಬದಿಯ ಹಲಗೆಯೊಳಗೆ, ಇಳಿಯುತ್ತದೆ. ಹಳೆಯ ಬೋಟ್‌ಗಳಲ್ಲಿ ಒಳಗೆ ಮರ ಇರುತ್ತದೆ. ಅದು ಕೊಳೆತರೆ ರಿಪೇರಿಗೆ ಸಾವಿರಾರು ಡಾಲರ್. ಕಷ್ಟ ಏನೆಂದರೆ, ಮೋಟರ್ ತೂಕ ಸುಮಾರು 200 ಕೆಜಿ. ಎಂಜಿನ್ ಎತ್ತುವ ಹಾಯ್ಸ್ಟ್ ಬಾಡಿಗೆಗೆ ತರಬೇಕು, ಪಕ್ಕದಲ್ಲಿ ಒಬ್ಬ ನಿಧಾನಸ್ಥ ಸ್ನೇಹಿತ ಇರಬೇಕು. ಕೈಯಲ್ಲಿ ಎತ್ತುವ ಶೌರ್ಯ ಬೇಡ.

ಇನ್ನೊಂದು ಮಿತಿ, ಮುಕ್ಕಾಲು ಇಂಚಿಗಿಂತ ಸಣ್ಣ ಹೆಜ್ಜೆ ಇಲ್ಲ. ಸರಿಯಾದ ಜಾಗ ಎರಡು ತೂತುಗಳ ಮಧ್ಯೆ ಸಿಕ್ಕಿಬಿದ್ದರೆ ಏನೂ ಮಾಡಲಾಗದು. ಆದರೂ ಎಷ್ಟೋ ಬೋಟ್‌ಗಳು ಅಂಗಡಿಯಿಂದ ಬರುವಾಗ ಮೋಟರ್ ತೀರಾ ಕೆಳಗಿಟ್ಟುಕೊಂಡೇ ಬರುತ್ತವೆ. ಕೆಳಗಿದ್ದರೆ ಯಾರೂ ದೂರು ಹೇಳುವುದಿಲ್ಲ, ಮೇಲಿದ್ದು ಬಿಸಿಯಾದರೆ ಹೇಳುತ್ತಾರೆ, ಅದಕ್ಕೇ ಇರಬೇಕು. ಅಂಥ ಬೋಟ್‌ನಲ್ಲಿ ಮೋಟರನ್ನು ಒಂದು ತೂತಿನಷ್ಟು ಮೇಲೇರಿಸಿದರೆ ಬರುವ ಲಾಭ ಪುಕ್ಕಟೆ.

ದಾರಿ ಎರಡು: ಕೈಯಿಂದ ತಿರುಗಿಸುವ ಜ್ಯಾಕ್ ಪ್ಲೇಟ್

ಟ್ರಾನ್ಸಮ್‌ಗೂ ಮೋಟರ್‌ಗೂ ಮಧ್ಯೆ ಕೂರುವ ಅಲ್ಯೂಮಿನಿಯಂ ಚೌಕಟ್ಟು ಇದು. ಎರಡು ಕೆಲಸ ಮಾಡುತ್ತದೆ. ಮೋಟರನ್ನು ಮೇಲೆ ಕೆಳಗೆ ಮಾಡುತ್ತದೆ, ಜೊತೆಗೆ ಹಿಂದಕ್ಕೂ ತಳ್ಳುತ್ತದೆ. ಹಿಂದಕ್ಕೆ ತಳ್ಳುವ ದೂರಕ್ಕೆ ಸೆಟ್‌ಬ್ಯಾಕ್ ಅನ್ನುತ್ತಾರೆ. 4 ಇಂಚಿನಿಂದ 12 ಇಂಚಿನವರೆಗೆ ಸಿಗುತ್ತದೆ.

ಹಿಂದಕ್ಕೆ ಹೋದರೆ ಏನು ಲಾಭ? ಬೋಟಿನ ತಳ ದಾಟಿದ ಮೇಲೆ ನೀರು ಸ್ವಲ್ಪ ಮೇಲೇಳುತ್ತದೆ. ಆ ನೀರಿನಲ್ಲಿ ಗಡಿಬಿಡಿಯೂ ಕಡಿಮೆ. ಪ್ರೊಪೆಲರ್ ಅಲ್ಲಿದ್ದರೆ ಮೋಟರನ್ನು ಇನ್ನಷ್ಟು ಎತ್ತಿದರೂ ನೀರು ಸಿಗುತ್ತದೆ. ಪ್ರತಿ 8ರಿಂದ 12 ಇಂಚು ಸೆಟ್‌ಬ್ಯಾಕ್‌ಗೆ ಸುಮಾರು ಒಂದು ಇಂಚು ಎತ್ತಬಹುದು ಅನ್ನುವುದು ಎಲ್ಲರೂ ಬಳಸುವ ಲೆಕ್ಕ. ಜೊತೆಗೆ ಭಾರ ಹಿಂದೆ ಹೋಗುವುದರಿಂದ ಮೂತಿ ಸುಲಭವಾಗಿ ಮೇಲೇಳುತ್ತದೆ.

ಆದರೆ 12 ಇಂಚು ಸಿಗುತ್ತದೆ ಅಂತ 12 ಇಂಚೇ ತಗೋಬೇಡಿ. 17, 18 ಅಡಿಯ ಹಗುರ ಬೋಟ್‌ಗೆ ಅಷ್ಟು ಭಾರ ಹಿಂದೆ ಹೋದರೆ ಅದು ಹೊರಡುವಾಗ ಹಿಂಗಾಲಲ್ಲಿ ಕೂತ ಎಮ್ಮೆಯ ಹಾಗೆ ಏಳಲು ಒದ್ದಾಡುತ್ತದೆ. ಓಡುವಾಗ ಮೂತಿ ಕುಣಿಯಲೂಬಹುದು. ಟ್ರಾನ್ಸಮ್ ಮೇಲೆ ಬೀಳುವ ಒತ್ತಡವೂ ಜಾಸ್ತಿ. ನನ್ನ ಮಟ್ಟಿಗೆ ಸಣ್ಣ ಬೋಟ್‌ಗೆ 4ರಿಂದ 6, ಇಪ್ಪತ್ತು ಅಡಿ ದಾಟಿದ್ದಕ್ಕೆ 8ರಿಂದ 10. ಬೋಟಿನ ಟ್ರಾನ್ಸಮ್‌ನಲ್ಲೇ ಸ್ವಲ್ಪ ಸೆಟ್‌ಬ್ಯಾಕ್ ಮಾಡಿಟ್ಟಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೈ ಪ್ಲೇಟ್‌ನ ಬೆಲೆ ಕೆಲವು ನೂರು ಡಾಲರ್. ದೊಡ್ಡ ಬೋಲ್ಟ್ ಒಂದನ್ನು ಪಾನಾದಿಂದ ತಿರುಗಿಸಿದರೆ ಮೋಟರ್ ಮೇಲೇರುತ್ತದೆ. ಹಾಯ್ಸ್ಟ್ ಬೇಡ, ದಡದಲ್ಲೇ ಹತ್ತು ನಿಮಿಷದ ಕೆಲಸ. ಕಾಲು ಇಂಚಿನ ಹೆಜ್ಜೆ ಸಿಗುತ್ತದೆ. ಕೆಟ್ಟುಹೋಗಲು ಅದರಲ್ಲಿ ಪಂಪು, ವೈರು, ಎಣ್ಣೆ ಏನೂ ಇಲ್ಲ. ಅಲಬಾಮದ ಹಂಟ್ಸ್‌ವಿಲ್‌ನಲ್ಲಿರುವ ನನ್ನ ತುಮಕೂರಿನ ಗೆಳೆಯ ಆರು ಇಂಚಿನದ್ದು ಹಾಕಿಸಿಕೊಂಡು, ಎರಡು ಶನಿವಾರ ಪರೀಕ್ಷೆ ಮಾಡಿ, ಬೋಲ್ಟ್ ಬಿಗಿ ಮಾಡಿದವನು ಆಮೇಲೆ ಅದನ್ನು ಮುಟ್ಟಿಲ್ಲ.

ದಾರಿ ಮೂರು: ಹೈಡ್ರಾಲಿಕ್ ಪ್ಲೇಟ್

ಇದು ಅದೇ ಚೌಕಟ್ಟು, ಆದರೆ ಒಳಗೆ ಹೈಡ್ರಾಲಿಕ್ ಪಂಪ್. ಓಡುತ್ತಲೇ ಬಟನ್ ಒತ್ತಿ ಮೋಟರ್ ಎತ್ತಬಹುದು, ಇಳಿಸಬಹುದು. ಬೆಲೆ ಸಾವಿರ ಡಾಲರ್‌ನಿಂದ ಮೇಲೆ. ಹಾಕಿಸುವ ಕೂಲಿ ಬೇರೆ, ತೂಕವೂ ಜಾಸ್ತಿ.

ಈಗ ನನ್ನ ಕಥೆ. 19 ಅಡಿಯ ಬೋಟ್, 175 ಎಚ್‌ಪಿ. ಒಂದು ಅಂಗಡಿಯಲ್ಲಿ ಹೈಡ್ರಾಲಿಕ್ ಪ್ಲೇಟ್ ಹಾಕಿಸಿದೆ. ಮನೆಗೆ ತರುವಾಗ ಅಂಗಡಿಯವ, "ಎತ್ತರದ ಗೇಜಿನಲ್ಲಿ ಎರಡರ ಮೇಲೆ ಎತ್ತಬೇಡ" ಅಂದ. ಏನೋ ತಾಂತ್ರಿಕ ಕಾರಣ ಇರಬೇಕು ಅಂದುಕೊಂಡೆ. ಎರಡು ತಿಂಗಳು ಹಾಗೇ ಓಡಿಸಿದೆ. ವೇಗ ಮೊದಲಿನಷ್ಟೇ, 55 ಮೈಲಿ. ಹೊರಡುವಾಗ ಮೊದಲಿಗಿಂತ ನಿಧಾನ. ಪ್ರೊಪೆಲರ್ ಸರಿ ಇಲ್ಲ ಅಂತ ಅದನ್ನೂ ಬದಲಿಸಿದೆ. ಒಂದು ದಿನ ಅಂಗಳದಲ್ಲಿ ನಿಂತು ಬಟನ್ ಒತ್ತುತ್ತಾ ಹಿಂದೆ ಬಗ್ಗಿ ನೋಡಿದೆ. ಗೇಜು ಎರಡು ದಾಟುತ್ತಿದ್ದ ಹಾಗೆ ಸ್ಟೀರಿಂಗ್‌ನ ಹೋಸ್ ಎರಡೂ ತಂತಿಯ ಹಾಗೆ ಬಿಗಿಯಾದವು. ಮೋಟರ್ ಹಿಂದಕ್ಕೆ ಹೋಗಿದೆ, ಹೋಸ್ ಮಾತ್ರ ಹಳೆಯ ಉದ್ದದ್ದೇ! ಎತ್ತಲಾಗದ ಲಿಫ್ಟಿಗೆ ನಾನು ದುಡ್ಡು ಕೊಟ್ಟಿದ್ದೆ.

ಅವತ್ತೇ ಟೇಪ್ ಹಿಡಿದಿದ್ದು. ಶಾಫ್ಟ್ ಪ್ಯಾಡ್‌ಗಿಂತ ನಾಲ್ಕೂವರೆ ಇಂಚು ಕೆಳಗಿತ್ತು. ಉದ್ದದ ಹೋಸ್ ಹಾಕಿಸಿ, ಮೂರೂವರೆಗೆ ತಂದೆ. ಒಂದೇ ಇಂಚು. ವೇಗ 58.5 ಆಯಿತು.

ಆಗ ಮಾಡಿದ ಲೆಕ್ಕ ಇಲ್ಲಿದೆ, ನಿಮಗೂ ಬೇಕಾಗುತ್ತದೆ. ಆರ್‌ಪಿಎಂ ಅನ್ನು ಪಿಚ್‌ನಿಂದ (ಪ್ರೊಪೆಲರ್ ಜಾರದಿದ್ದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗುತ್ತದೆ ಅನ್ನುವುದು) ಗುಣಿಸಿ, ಬಂದಿದ್ದನ್ನು ಗೇರ್ ಅನುಪಾತ ಮತ್ತು 1056ರ ಗುಣಲಬ್ಧದಿಂದ ಭಾಗಿಸಿ. ಪ್ರೊಪೆಲರ್ ಒಂದು ಚೂರೂ ಜಾರದಿದ್ದರೆ ಗಂಟೆಗೆ ಎಷ್ಟು ಮೈಲಿ ಅನ್ನುವುದು ಸಿಗುತ್ತದೆ. ನನ್ನದು ಪಿಚ್ 23, ಗೇರ್ ಅನುಪಾತ 1.87. ಮೊದಲು 5500 ಆರ್‌ಪಿಎಂಗೆ ಲೆಕ್ಕದ ವೇಗ 64.1, ಜಿಪಿಎಸ್ ತೋರಿಸಿದ್ದು 55. ಜಾರಿಕೆ ಶೇಕಡಾ 14. ಎತ್ತಿದ ಮೇಲೆ 5650ಕ್ಕೆ 65.8, ಜಿಪಿಎಸ್‌ನಲ್ಲಿ 58.5. ಜಾರಿಕೆ ಶೇಕಡಾ 11. ಎತ್ತುತ್ತಾ ಹೋದಾಗ ಆರ್‌ಪಿಎಂ ಏರಿ ವೇಗ ಏರದೆ ನಿಂತರೆ, ಜಾರಿಕೆ ಜಾಸ್ತಿಯಾಗುತ್ತಿದೆ ಅಂತ ಅರ್ಥ. ಕಾಲು ಇಂಚು ಕೆಳಗೆ ಬನ್ನಿ, ಅದೇ ನಿಮ್ಮ ಜಾಗ.

ಈಗ ಗಮನಿಸಿ, ಈ ಮೂರೂವರೆ ಮೈಲಿ ಹೈಡ್ರಾಲಿಕ್‌ನಿಂದ ಬಂದಿದ್ದಲ್ಲ, ಎತ್ತರದಿಂದ ಬಂದಿದ್ದು. ಕೈ ಪ್ಲೇಟ್ ಆಗಿದ್ದರೂ ಅಷ್ಟೇ ಬರುತ್ತಿತ್ತು. ಒಂದು ಭಾರಕ್ಕೆ, ಒಂದು ಪ್ರೊಪೆಲರ್‌ಗೆ ಪೂರ್ತಿ ವೇಗದ ಎತ್ತರ ಒಂದೇ ಇರುತ್ತದೆ. ಅದನ್ನು ದಿನಕ್ಕೆ ಹತ್ತು ಸಲ ಬದಲಿಸುವ ಅಗತ್ಯ ಇಲ್ಲ.

ಹಾಗಾದರೆ ಹೈಡ್ರಾಲಿಕ್ ದಂಡವಾ? ಅಲ್ಲ. ಬೊಡ್ಡೆಗಳ ಮಾತು ಬಂದಿತ್ತಲ್ಲ, ಅದು ಇಲ್ಲಿಗೆ. ಲೇಕ್ ಫೋರ್ಕ್‌ನ ಮೂಲೆಗಳಲ್ಲಿ ಮೂರಡಿ ನೀರಿನಲ್ಲಿ ನಿಧಾನ ಹೋಗುವಾಗ ಮೋಟರನ್ನು ನೇರ ಮೇಲಕ್ಕೆ ಎತ್ತಿಕೊಂಡರೆ ಪ್ರೊಪೆಲರ್ ಉಳಿಯುತ್ತದೆ. ಟ್ರಿಮ್ ಮಾಡಿದರೂ ಮೇಲೇಳುತ್ತದೆ, ಆದರೆ ಆಗ ಪ್ರೊಪೆಲರ್ ಓರೆಯಾಗಿ ನೀರನ್ನು ಆಕಾಶಕ್ಕೆ ಎರಚುತ್ತದೆ. ಪ್ಲೇಟ್ ಎತ್ತಿದರೆ ತಳ್ಳುವ ದಿಕ್ಕು ನೇರವಾಗೇ ಇರುತ್ತದೆ. ಹೊರಡುವಾಗ ಕೆಳಗಿಳಿಸಿ, ಬೋಟ್ ನೀರ ಮೇಲೆದ್ದ ಮೇಲೆ ಎತ್ತುವುದು ಇನ್ನೊಂದು ಲಾಭ. ಗಾಳಿ ಬಂದು ಅಲೆ ಎದ್ದ ದಿನ ಅರ್ಧ ಇಂಚು ಇಳಿಸಿಕೊಂಡರೆ ಪ್ರೊಪೆಲರ್ ಹಿಡಿತ ಬಿಡುವುದಿಲ್ಲ. ನನ್ನ ಗೆಳೆಯ ಮೀನು ಹಿಡಿಯುವ ಗಂಟರ್ಸ್‌ವಿಲ್ ಕೆರೆ ಅಲಬಾಮದಲ್ಲೇ ದೊಡ್ಡದು, ಸುಮಾರು 69,000 ಎಕರೆ, ತುಂಬಾ ಜಲಸಸ್ಯ. ಅಲ್ಲಿ ಹುಲ್ಲಿನ ಮೇಲೆ ಹಾದುಹೋಗುವಾಗ ತನಗೂ ಹೈಡ್ರಾಲಿಕ್ ಇದ್ದಿದ್ದರೆ ಅನ್ನಿಸುತ್ತದೆ ಅಂತ ಅವನೇ ಒಪ್ಪಿಕೊಂಡಿದ್ದಾನೆ.

ಎತ್ತುವ ಮೊದಲು ಇದನ್ನು ಓದಿ

ಮೋಟರ್ ತಣ್ಣಗಿರಲು ಬೇಕಾದ ನೀರನ್ನು ಗೇರ್‌ಕೇಸ್‌ನ ಪಕ್ಕದ ತೂತುಗಳೇ ಎಳೆದುಕೊಳ್ಳುವುದು. ಜಾಸ್ತಿ ಎತ್ತಿದರೆ ಅವು ನೀರಿನ ಬದಲು ಗಾಳಿ ಎಳೆಯುತ್ತವೆ. ಹಿಂದಿನಿಂದ ಸಣ್ಣ ಧಾರೆ ಚಿಮ್ಮುತ್ತಿದೆ, ಎಲ್ಲ ಸರಿ ಇದೆ ಅಂತ ನಂಬಬೇಡಿ. ಧಾರೆ ನೀರು ಬರುತ್ತಿದೆ ಅನ್ನುತ್ತದೆ, ಎಷ್ಟು ಒತ್ತಡದಲ್ಲಿ ಅನ್ನುವುದಿಲ್ಲ. ನೀರಿನ ಒತ್ತಡದ ಗೇಜ್ ಇಲ್ಲದೆ ಜ್ಯಾಕ್ ಪ್ಲೇಟ್ ಹಾಕಿಸಲೇಬೇಡಿ. ಅದರ ಬೆಲೆ ಪ್ಲೇಟಿನ ಮುಂದೆ ಏನೂ ಅಲ್ಲ. ನಿಮ್ಮ ಮೋಟರ್‌ಗೆ ಕನಿಷ್ಠ ಎಷ್ಟು ಬೇಕು ಅಂತ ಅದರ ಮ್ಯಾನುಯಲ್‌ನಲ್ಲಿ ನೋಡಿ. ಪೂರ್ತಿ ವೇಗದಲ್ಲಿ ಮುಳ್ಳು ನಡುಗಲು ಶುರುವಾದರೆ ಜಿಪಿಎಸ್ ಏನೇ ಹೇಳಲಿ, ಇಳಿಸಿ. ತೂತುಗಳು ಗೇರ್‌ಕೇಸ್‌ನ ಮೂತಿಯ ಕೆಳಗಿರುವ ಮಾದರಿಗಳೂ ಇವೆ, ಮರ್ಕ್ಯುರಿಯ ಸ್ಪೋರ್ಟ್ ಮಾಸ್ಟರ್ ಅಂಥದ್ದು. ಅವು 3 ಇಂಚಿಗಿಂತ ಮೇಲಿನ ಆಟಕ್ಕೆ. ವಾರಾಂತ್ಯದ ಮೀನುಗಾರನಿಗೆ ಬೇಕಿಲ್ಲ.

ಪ್ರೊಪೆಲರ್ ಕೂಡ ಈ ಲೆಕ್ಕದೊಳಗೇ ಬರುತ್ತದೆ. ಅಲ್ಯೂಮಿನಿಯಂ ಪ್ರೊಪೆಲರ್ ಇಟ್ಟುಕೊಂಡು ಎತ್ತರದ ಪ್ರಯೋಗ ಮಾಡಿದರೆ ಬೇಗ ಹಿಡಿತ ಬಿಡುತ್ತದೆ. ಅಂಚು ಸ್ವಲ್ಪ ಬಾಗಿಸಿದ ಸ್ಟೀಲಿನದ್ದು ಬೇಕು. ನಾಲ್ಕು ರೆಕ್ಕೆಯದ್ದು ಮೂರು ರೆಕ್ಕೆಯದ್ದಕ್ಕಿಂತ ಎತ್ತರದಲ್ಲೂ ತಿರುವಿನಲ್ಲೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಕೊನೆಯ ಒಂದೆರಡು ಮೈಲಿ ವೇಗ ಕಳೆಯುವುದುಂಟು. ನಾನು ನಾಲ್ಕು ರೆಕ್ಕೆಯದ್ದೇ ಇಟ್ಟುಕೊಂಡಿದ್ದೇನೆ.

ವೇಗ ಜಾಸ್ತಿಯಾದ ಬೋಟ್ ಪ್ಯಾಡ್ ಮೇಲೆ ನಿಂತಾಗ ಎಡಕ್ಕೂ ಬಲಕ್ಕೂ ತೂಗಾಡಲು ಶುರು ಮಾಡಬಹುದು. ಮೊದಲ ಸಲ ಎದೆ ಝಲ್ ಅನ್ನುತ್ತದೆ. ಥ್ರಾಟಲ್ ಒಮ್ಮೆಲೇ ಬಿಡಬೇಡಿ, ನಿಧಾನಕ್ಕೆ ಇಳಿಸಿ. ಕಿಲ್ ಸ್ವಿಚ್‌ನ, ಅಂದರೆ ನೀವು ಬಿದ್ದರೆ ಮೋಟರ್ ನಿಲ್ಲಿಸುವ ಸ್ವಿಚ್‌ನ, ಹಗ್ಗ ಮೈಗೆ ಸಿಕ್ಕಿಸಿಕೊಂಡಿರಿ. 2021ರ ಏಪ್ರಿಲ್‌ನಿಂದ 26 ಅಡಿಗಿಂತ ಚಿಕ್ಕ ಬೋಟ್‌ಗಳಿಗೆ ಅಮೆರಿಕದಲ್ಲಿ ಅದು ಕಾನೂನು ಕೂಡ.

ಪರೀಕ್ಷೆಯ ದಿನ ಪೆಟ್ರೋಲ್ ಅಷ್ಟೇ ಇರಲಿ, ಜನ ಅಷ್ಟೇ ಇರಲಿ, ಮೀನಿನ ಟ್ಯಾಂಕ್ ಒಂದೋ ತುಂಬಿರಲಿ, ಇಲ್ಲ ಖಾಲಿ ಇರಲಿ. ಗಾಳಿಯ ಕಡೆಗೊಮ್ಮೆ, ಗಾಳಿಯ ಜೊತೆಗೊಮ್ಮೆ ಓಡಿಸಿ ಸರಾಸರಿ ತೆಗೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ. ನೆನಪಿನ ಮೇಲೆ ಭರವಸೆ ಬೇಡ, ಬರೆದಿಡಿ.

ಯಾರಿಗೆ ಯಾವುದು?

ಅಲ್ಯೂಮಿನಿಯಂ ಬೋಟ್, 115 ಎಚ್‌ಪಿ ಒಳಗಿನ ಮೋಟರ್ ಆಗಿದ್ದರೆ ಬೋಲ್ಟ್ ತೂತಿನಲ್ಲೇ ಮುಗಿಸಿ, ಉಳಿದ ದುಡ್ಡಿಗೆ ಒಳ್ಳೆಯ ಸ್ಟೀಲ್ ಪ್ರೊಪೆಲರ್ ಕೊಳ್ಳಿ. ಫೈಬರ್‌ಗ್ಲಾಸ್ ಬೋಟ್, 150ರಿಂದ ಮೇಲಿನ ಮೋಟರ್, ಆಳದ ಕೆರೆ, ವೇಗವೇ ಮುಖ್ಯ ಅಂದರೆ ಕೈ ಪ್ಲೇಟ್. ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರಿಗೆ ಇದನ್ನೇ ಹೇಳುತ್ತೇನೆ. ಬೊಡ್ಡೆ, ಹುಲ್ಲು, ಮರಳು ದಿಣ್ಣೆಗಳಲ್ಲೇ ಅರ್ಧ ದಿನ ಕಳೆಯುವವರು, ಒಂದು ದಿನ ಒಬ್ಬರೇ, ಇನ್ನೊಂದು ದಿನ ಮೂವರು ಹೋಗುವವರು ಹೈಡ್ರಾಲಿಕ್‌ಗೆ ದುಡ್ಡು ಹಾಕಿದರೆ ಬೇಸರವಿಲ್ಲ. ಆದರೆ ಅಂಗಡಿಯಿಂದ ತರುವ ಮೊದಲು ಪ್ಲೇಟನ್ನು ಪೂರ್ತಿ ಮೇಲೆತ್ತಿಸಿ, ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಹೋಸ್, ಕೇಬಲ್ ಎಲ್ಲ ನೋಡಿ.

ನನ್ನ ಪ್ಲೇಟಿನ ಪಕ್ಕದಲ್ಲಿ ಈಗ ಮಾರ್ಕರ್‌ನಲ್ಲಿ ಎಳೆದ ಮೂರು ಗೆರೆಗಳಿವೆ. ಕೆಳಗಿನದ್ದು ಹೊರಡಲು, ನಡುವಿನದ್ದು ಓಡಲು, ಮೇಲಿನದ್ದು ಬೊಡ್ಡೆಗಳ ಮಧ್ಯೆ ನುಸುಳಲು. ಗೇಜಿನ ಅಂಕಿಯನ್ನು ನಾನು ನೋಡುವುದೇ ಇಲ್ಲ.